ಎಲ್ಲದಕ್ಕೂ ‘ಟೆನ್ಷನ್’ ಎಂದರೆ ಹೇಗೆ?

ನಮ್ಮ ಬಳಗದ ಮಿತ್ರರು ಭೇಟಿಯಾದಾಗ ಆಡುವ ಮಾತನ್ನು ಗಮನಿಸಿರಿ. “ಹ್ಯಾಂಗ ಇದ್ದಿ?” ಎಂದರೆ “ಆರಾಮ”. ಮುಖ ಬಾಡಿದ್ದರೂ ಆರಾಮವೇ! ಒತ್ತಿ ಕೇಳಿದರೆ “ಟೆನ್ಷನ್ ಅದ” ಎಂದು ಮಾತು ಮುಗಿಸುತ್ತೇವೆ. ಫೀಸಿನ ಹಣ ಬಾರದ್ದೂ ಟೆನ್ಷನ್, ಮನೆ ನೆನಪಾದದ್ದೂ ಟೆನ್ಷನ್, ಕ್ಲಾಸಿನಲ್ಲಿ ಇಂಗ್ಲಿಷ್ ಉತ್ತರ ಗಂಟಲಲ್ಲೇ ಉಳಿದದ್ದೂ ಟೆನ್ಷನ್.

ನಾನು ಕಾಮರ್ಸ್ ವಿದ್ಯಾರ್ಥಿ. ಬಾಡಿಗೆ, ಸಂಬಳ, ಬಡ್ಡಿ ಎಲ್ಲವನ್ನೂ ‘ಇತರೆ ಖರ್ಚು’ ಎಂದು ಬರೆದರೆ ಮೊತ್ತವೇನೋ ತಾಳೆಯಾಗುತ್ತದೆ. ಹಣ ಎಲ್ಲಿ ಸೋರಿತೆಂದು ಮಾತ್ರ ತಿಳಿಯುವುದಿಲ್ಲ. ಮನಸ್ಸಿನ ಲೆಕ್ಕವೂ ಹಾಗೆಯೇ.

ಇದು ಬರೀ ನನ್ನ ಊಹೆಯಲ್ಲ. 2007ರಲ್ಲಿ ಅಮೆರಿಕದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ, ಅದಕ್ಕೊಪ್ಪುವ ಶಬ್ದ ಆರಿಸಲು ಹೇಳಿದರು. ಆ ಮುಖಕ್ಕೆ ಒಬ್ಬ ವ್ಯಕ್ತಿಯ ಹೆಸರು ಆರಿಸಿದಾಗಿಗಿಂತ ಅದರ ಭಾವಕ್ಕೆ ಹೆಸರು ಆರಿಸಿದಾಗ, ಮಿದುಳಿನಲ್ಲಿ ಅಪಾಯದ ಎಚ್ಚರಿಕೆ ಕೊಡುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ಕಡಿಮೆಯಿತ್ತು.

ಯಾವ ಭಾಷೆಯ ಹೆಸರು? ಕ್ಯಾಥರಿನ್ ಹ್ಯಾರಿಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ನೋಡಿ. ತುರ್ಕಿ ಮಾತೃಭಾಷೆಯವರು, ಇಂಗ್ಲಿಷನ್ನು ಆಮೇಲೆ ಕಲಿತವರು. ಅವರ ಚರ್ಮದ ಬೆವರಿನ ಬದಲಾವಣೆಯನ್ನು ಅಳೆದರು. ಮಕ್ಕಳನ್ನು ಗದರಿಸುವ ಮಾತು ತುರ್ಕಿಯಲ್ಲಿ ಬಂದಾಗ ಮೈ ಹೆಚ್ಚು ಸ್ಪಂದಿಸಿತು. ತಾಯ್ನುಡಿ ಚರ್ಮಕ್ಕೇ ತಾಗುತ್ತದೆ ಎಂದಾಯಿತಲ್ಲವೇ?

ಜಹೀರಾಬಾದಿನ ರಸ್ತೆ ಹಿಡಿದು ಬೀದರ ಸೀಮೆಯಿಂದ ಪಟಾನ್‌ಚೆರುವಿಗೆ ಬಂದ ನಮಗೆ ಅಂಗಡಿಯಲ್ಲಿ ತೆಲುಗು, ಆಟೋದಲ್ಲಿ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷ್ ಬೇಕು. ಬೇಡವೆನ್ನುವವನು ನಾನಲ್ಲ. ಆದರೆ ಅಳುಕು, ಮುಜುಗರ, ಕಸಿವಿಸಿ, ತಳಮಳ, ಹಳಹಳಿ ಎಂಬ ಇಷ್ಟೊಂದು ಶಬ್ದ ಮನೆಯಲ್ಲಿಟ್ಟುಕೊಂಡು ಒಂದೇ ಟೆನ್ಷನ್ನನ್ನು ಸಾಲ ತರುವುದೇಕೆ? ಒಂದೊಂದರ ಔಷಧ ಬೇರೆ. ಊರಿನ ಹಳಹಳಿಗೆ ಅವ್ವನಿಗೊಂದು ಫೋನು ಸಾಕಾದೀತು. ಅಳುಕಿಗೆ ಜೊತೆಗೆ ನಿಲ್ಲುವವರು ಬೇಕು.

“ಹೆಸರಿಟ್ಟರೆ ಫೀಸಿನ ದುಡ್ಡು ಬರ್ತದೇನು?” ಎಂದು ಕೆಲವರು ನಗಬಹುದು. ಬರುವುದಿಲ್ಲ. ಆದರೆ “ಟೆನ್ಷನ್” ಎಂದವನಿಗೆ ಚಹಾ ಕುಡಿಸಿ ಕಳಿಸುತ್ತೇವೆ. “ಫೀಸು ಕಟ್ಟಿಲ್ಲ, ಎಲ್ಲರೆದುರು ಹೆಸರು ಕೂಗ್ತಾರಂತ ಅಳುಕು” ಎಂದವನಿಗೆ ನಾಲ್ಕು ಜನ ಕೂಡಿ ದಾರಿ ಹುಡುಕಬಹುದು.

ಬಳಗದಿಂದ ಕವಿಗೋಷ್ಠಿ ನಡೆಯಲಿ, ಭಾಷಣ ಸ್ಪರ್ಧೆಯೂ ನಡೆಯಲಿ. ಜೊತೆಗೆ ವಾರಕ್ಕೊಮ್ಮೆ ಅರ್ಧ ತಾಸು ಕೂತು, ನಗದೆ, ಉಪದೇಶಿಸದೆ ಒಬ್ಬರ ಮಾತನ್ನೊಬ್ಬರು ಕನ್ನಡದಲ್ಲಿ ಕೇಳೋಣ. ಕನ್ನಡ ಸಾಹಿತ್ಯ ಬಳಗಕ್ಕೆ ಇದೂ ಒಂದು ಕೆಲಸವೆಂದು ನಾನು ತಿಳಿದಿದ್ದೇನೆ.