ಎಳನೀರಿನವನಿಗೆ ಗೊತ್ತಿದ್ದದ್ದು

ರಸ್ತೆಯಲ್ಲಿ ಬಿದ್ದವರನ್ನು ಎತ್ತಲು ಹೋದರೆ ಠಾಣೆ, ಕೋರ್ಟು ಅಲೆಯಬೇಕಾದೀತು, ದೂರ ಇರುವುದೇ ಜಾಣತನ ಎಂದು ಕಳೆದ ವಾರದ ಅಂಕಣಕಾರರು ಉಪದೇಶಿಸಿದ್ದಾರೆ. ಹನ್ನೆರಡು ವರ್ಷದ ಹಿಂದೆ ಈ ಅಂಜಿಕೆಗೆ ಅರ್ಥವಿತ್ತು. ಇಂದು ಅದು ಬರೀ ನೆಪ.

2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನೆರವಾದವರನ್ನು ರಕ್ಷಿಸುವ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಅದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ತಂದವರ ಹೆಸರು, ವಿಳಾಸಕ್ಕಾಗಿ ಒತ್ತಾಯಿಸುವಂತಿಲ್ಲ. ದುಡ್ಡು ಕಟ್ಟಿ ಎನ್ನುವಂತಿಲ್ಲ. ಇದೊಂದನ್ನೂ ಹೇಳದೆ ಓದುಗರನ್ನು ಹೆದರಿಸುವುದು ಯಾವ ಜಾಣತನ?

ಕಾನೂನು ಇದ್ದ ಮಾತ್ರಕ್ಕೆ ಎಲ್ಲ ಠಾಣೆಗಳೂ ಸರಿಹೋಗಿವೆ ಎನ್ನುತ್ತಿಲ್ಲ. ಕಿರಿಕಿರಿ ಈಗಲೂ ಇದೆ. ಅದಕ್ಕೆ ಮದ್ದು ಕಾನೂನು ತಿಳಿದು ಗಟ್ಟಿಯಾಗಿ ನಿಲ್ಲುವುದು, ಮುಖ ತಿರುಗಿಸಿ ಗಾಡಿ ಓಡಿಸುವುದಲ್ಲ.

2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕ ಹರೀಶ್ ಎಂಬಾತ, ಪ್ರಾಣ ಹೋಗುವ ಹೊತ್ತಿನಲ್ಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಬೇಡಿಕೊಂಡ. ಸಾಯುವವನಿಗೆ ಇನ್ನೊಬ್ಬರ ಚಿಂತೆ. ನಮಗೆ ಸೀಟಿಗೆ ರಕ್ತ ತಾಗೀತೆಂಬ ಚಿಂತೆ.

ಹೋದ ಮಳೆಗಾಲ ನಮ್ಮ ಬೀದಿಯ ತಿರುವಿನಲ್ಲಿ ಸ್ಕೂಟರ್ ಜಾರಿ ಹೆಂಗಸೊಬ್ಬರು ಬಿದ್ದರು. ಎಳನೀರು ಮಾರುವಾತ ಮಚ್ಚು ಕೆಳಗಿಟ್ಟು ಓಡಿಬಂದ. ಹೆಗಲ ಟವೆಲನ್ನು ಮಡಚಿ ಅವರ ಹಣೆಗೆ ಒತ್ತಿಹಿಡಿದ, ಇನ್ನೊಬ್ಬರಿಂದ 108ಕ್ಕೆ ಫೋನ್ ಮಾಡಿಸಿದ. ಆಂಬುಲೆನ್ಸ್ ಹೋದಮೇಲೆ ಕೈ ತೊಳೆದು ಮತ್ತೆ ಕಾಯಿ ಕೆತ್ತತೊಡಗಿದ. 134ಎ ಅವನಿಗೆ ಗೊತ್ತಿರಲಿಲ್ಲ. ಅಂಕಣಕಾರರಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು.