ಗೃಹವೈದ್ಯ: ಯಕೃತ್ತಿನ ಅರ್ಬುದವೂ ಅದರ ದೂತರೂ

ಕಲಘಟಗಿ ತಾಲೂಕಿನ ದುಮ್ಮವಾಡದ ಸಮೀಪದಲ್ಲಿ ನೀರಸಾಗರವೆಂಬ ಜಲಾಶಯವಿರುವದು ವಾಚಕರಲ್ಲಿ ಅನೇಕರಿಗೆ ಗೊತ್ತೇ ಇದೆ. ಹುಬ್ಬಳ್ಳಿಯವರು ಬಹುಕಾಲ ಅದರ ನೀರನ್ನು ಕುಡಿದಿರುವರು. ಊರು ಬೆಳೆಯಬೇಕಾದರೆ ಮೊದಲು ನೀರಿಗೆ ಹಾದಿಯಾಗಬೇಕು. ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ಬೆಳೆಯುವ ಕ್ಯಾನ್ಸರದ ಗಂಟಿಗೂ ಹಾಗೆಯೇ ರಕ್ತದ ಕಾಲುವೆ ಬೇಕು. ಅದನ್ನು ಅದು ಹೇಗೆ ತರಿಸಿಕೊಳ್ಳುವದೆಂಬುದನ್ನು ಈ ಸಲ ವಿಚಾರಿಸೋಣ.

ನಮ್ಮ ಶರೀರದ ಜೀವಕಣಗಳು ಮೂಕವಾಗಿಲ್ಲ. ‘ಬೆಳೆ’, ‘ನಿಲ್ಲು’, ‘ಗಾಯವನ್ನು ಮುಚ್ಚು’ ಎಂಬ ಸಂದೇಶಗಳನ್ನು ಅವು ಕೆಲವು ಪ್ರೋಟೀನುಗಳ ಮುಖಾಂತರ ಒಂದಕ್ಕೊಂದು ಕಳಿಸುತ್ತಿರುವವು. ಇಂಥ ವೃದ್ಧಿಕಾರಕಗಳನ್ನು ಕಂಡುಹಿಡಿದುದಕ್ಕಾಗಿ ಸ್ಟ್ಯಾನ್ಲಿ ಕೋಹೆನ್, ರೀಟಾ ಲೆವಿ-ಮೊಂತಾಲ್ಚಿನಿ ಇವರಿಗೆ 1986ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಯಕೃತ್ತಿನ ಒಂದು ಭಾಗವನ್ನು ಕತ್ತರಿಸಿ ತೆಗೆದರೂ ಉಳಿದುದು ಮತ್ತೆ ಬೆಳೆಯುವದು ಇಂಥ ದೂತರಿಂದಲೇ.

ಅರ್ಬುದವು ಈ ದೂತರನ್ನೇ ವಶಮಾಡಿಕೊಳ್ಳುವದು. ಟಿ.ಜಿ.ಎಫ್. ಬೀಟಾ ಎಂಬ ಪ್ರೋಟೀನು ಆರಂಭದಲ್ಲಿ ಕಣಗಳ ಅತಿವೃದ್ಧಿಯನ್ನು ತಡೆಯುವದು. ರೋಗವು ಬಲಿತ ಮೇಲೆ ಅದೇ ಪ್ರೋಟೀನು ರೋಗಕಣಗಳಿಗೆ ನೆರೆಯ ಬಂಧವನ್ನು ಹರಿದುಕೊಂಡು ಹೊರಡುವ ಶಕ್ತಿಯನ್ನು ಕೊಡುವದು. ಬೇಲಿಯೇ ಎದ್ದು ಹೊಲ ಮೇಯ್ದಂತೆ! ವಿ.ಇ.ಜಿ.ಎಫ್. ಎಂಬುದು ಹೊಸ ರಕ್ತನಾಳಗಳನ್ನು ಕರೆತರುವದು. ಇದರಿಂದ ಗಂಟಿಗೆ ಆಹಾರವೂ ಸಿಕ್ಕಿತು, ರೋಗಕಣಗಳಿಗೆ ಪುಪ್ಪುಸದವರೆಗೆ ಹಾದಿಯೂ ಆಯಿತು.

ಈ ದೂತರನ್ನು ತಡೆಯುವ ಔಷಧಗಳಿಲ್ಲದಿಲ್ಲ. 2007ರಲ್ಲಿ ಮನ್ನಣೆ ಪಡೆದ ಸೊರಾಫೆನಿಬ್ ಎಂಬ ಗುಳಿಗೆಯು ಬಲಿತ ರೋಗದವರ ಆಯುಷ್ಯವನ್ನು ಸುಮಾರು 3 ತಿಂಗಳು ಹೆಚ್ಚಿಸಿತು. 2020ರಲ್ಲಿ ಬಂದ ಜೋಡಿ ಔಷಧವು ಅದಕ್ಕಿಂತ ಮೇಲೆಂದು ಕಂಡಿತು. ಆದರೆ ಒಬ್ಬ ದೂತನನ್ನು ತಡೆದರೆ ರೋಗವು ಇನ್ನೊಬ್ಬನನ್ನು ಕಳಿಸುವದು. ಆದುದರಿಂದ ರೋಗವು ಹುಟ್ಟದಂತೆ ನೋಡಿಕೊಳ್ಳುವದೇ ಮೇಲು.

ಯಕೃತ್ತಿಗೆ ವರುಷಗಟ್ಟಲೆ ಗಾಯವಾಗುತ್ತಿದ್ದರೆ ‘ದುರಸ್ತಿ ಮಾಡು’ ಎಂಬ ಕೂಗು ನಿಲ್ಲುವದೇ ಇಲ್ಲ. ಅರ್ಬುದವು ಹೆಚ್ಚಾಗಿ ಆ ಗದ್ದಲದಲ್ಲಿಯೇ ಹುಟ್ಟುವದು. ಹೆಪಟೈಟಿಸ್ ಬಿ ಮತ್ತು ಸಿ ಎಂಬ ವಿಷಾಣುಗಳು, ಮದ್ಯ, ಅತಿಬೊಜ್ಜು, ಬೂಷ್ಟು ಹಿಡಿದ ಕಾಳಿನಲ್ಲಿಯ ಅಫ್ಲಾಟಾಕ್ಸಿನ್ ವಿಷ, ಇವು ಆ ಗಾಯಕ್ಕೆ ಕಾರಣಗಳು.

ಹೀಗಿರಲು ಗೃಹಸ್ಥರು ಮಾಡತಕ್ಕದ್ದೇನು? ಕೂಸು ಹುಟ್ಟಿದ 24 ತಾಸಿನೊಳಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಹಾಕಿಸಬೇಕು. ಸರಕಾರಿ ದವಾಖಾನೆಗಳಲ್ಲಿ ಇದು ಧರ್ಮಾರ್ಥವಾಗಿ ಸಿಗುವದು. ತೈವಾನದಲ್ಲಿ 1984ರಿಂದ ಕೂಸುಗಳಿಗೆ ಹೀಗೆ ಲಸಿಕೆ ಹಾಕಿದ ತರುವಾಯ ಮಕ್ಕಳಲ್ಲಿ ಈ ಅರ್ಬುದವು ಇಳಿಯಿತು. ಗೋವಿನಜೋಳ, ಶೇಂಗಾಗಳನ್ನು ಚೆನ್ನಾಗಿ ಒಣಗಿಸಿಯೇ ಕೂಡಿಡಬೇಕು. ಬೂಷ್ಟು ಹಿಡಿದುದನ್ನು ಹುರಿದರೂ ವಿಷವು ಪೂರ್ತಿ ಹೋಗದು. ಅದನ್ನು ದನಗಳಿಗೂ ಹಾಕಲಾಗದು. ಕಾಮಾಲೆಯಾದವರು ಬರಿಯ ಗಿಡಮೂಲಿಕೆಯನ್ನು ನಂಬಿ ಕೂಡ್ರದೆ ರಕ್ತವನ್ನು ಪರೀಕ್ಷಿಸಿಕೊಳ್ಳಬೇಕು. ಯಕೃತ್ತು ಈಗಾಗಲೇ ಗಡುಸಾಗಿದ್ದವರು 6 ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿಕೊಂಡರೆ ಗಂಟು ಸಣ್ಣದಿರುವಾಗಲೇ, ದೂತರು ಹೊರಬೀಳುವ ಮೊದಲೇ, ಸಿಕ್ಕುವ ಸಂಭವವುಂಟು.