ಸಾವಿರಕ್ಕೊಂದು ಅಪಾಯವನ್ನು ತೂಗಬೇಕಾದವರು ಯಾರು?

ಸಾವಿಗೆ ಕಾರಣವಾಯಿತೆಂದು ಹಿಂತೆಗೆದ ಔಷಧವನ್ನು ಮರಳಿ ಕೊಡಿ ಎಂದು ರೋಗಿಗಳೇ ಸರ್ಕಾರದ ಮುಂದೆ ನಿಂತು ಕೇಳುವ ಪ್ರಸಂಗಗಳು ಅಪರೂಪ. 2006ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕರೆದ ತಜ್ಞರ ಸಭೆಯಲ್ಲಿ ಅಂಥದ್ದು ನಡೆಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಪೀಡಿತರು ಟೈಸಾಬ್ರಿ ಎಂಬ ಔಷಧದ ಪರವಾಗಿ ಅಲ್ಲಿ ವಾದಿಸಿದರು. ತಜ್ಞರು ಸರ್ವಾನುಮತದಿಂದ ಒಪ್ಪಿದರು. ಜೂನ್‌ನಲ್ಲಿ ಔಷಧ ಮಾರುಕಟ್ಟೆಗೆ ಮರಳಿತು. ಆ ಸಭೆ ಎತ್ತಿದ ಪ್ರಶ್ನೆಯನ್ನು ನಮ್ಮ ದೇಶ ಇನ್ನೂ ಸರಿಯಾಗಿ ಕೇಳಿಕೊಂಡಿಲ್ಲವೆಂದು ನನ್ನ ಭಾವನೆ.

ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಮಿದುಳುಬಳ್ಳಿಯ ನರಗಳ ಹೊದಿಕೆಯ ಮೇಲೆ ಎರಗುತ್ತದೆ. ಕಾಲಕ್ರಮದಲ್ಲಿ ನರತಂತುಗಳೇ ನಶಿಸುತ್ತವೆ. ಹೆಚ್ಚಾಗಿ ಇದು ಕಾಣಿಸಿಕೊಳ್ಳುವುದು ದುಡಿಯುವ, ಮಕ್ಕಳನ್ನು ಬೆಳೆಸುವ ವಯಸ್ಸಿನಲ್ಲಿ. 2004ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಟೈಸಾಬ್ರಿ, ಎರಡು ವರ್ಷಗಳ ಪ್ರಯೋಗದಲ್ಲಿ ರೋಗದ ಮರುಕಳಿಕೆಯನ್ನು ಸುಮಾರು ಮೂರನೇ ಎರಡು ಭಾಗದಷ್ಟು ತಗ್ಗಿಸಿತ್ತು. ಆದರೆ 2005ರ ಫೆಬ್ರುವರಿಯಲ್ಲೇ ಅದರ ಮಾರಾಟ ನಿಂತಿತು. ಬಹಳಷ್ಟು ಜನರ ದೇಹದಲ್ಲಿ ಉಪದ್ರವವಿಲ್ಲದೆ ಅಡಗಿರುವ ಜೆಸಿ ವೈರಸ್, ಔಷಧ ಪಡೆದ ಕೆಲವರಲ್ಲಿ ಪಿಎಂಎಲ್ ಎಂಬ ಮಿದುಳಿನ ಸೋಂಕಾಗಿ ಕೆರಳಿತ್ತು. ಪ್ರಯೋಗಗಳಲ್ಲಿದ್ದ ಸುಮಾರು ಮೂರು ಸಾವಿರ ಮಂದಿಯಲ್ಲಿ ಮೂವರಿಗೆ ಅದು ತಗುಲಿತು, ಇಬ್ಬರು ಸತ್ತರು. ಸಾವಿರಕ್ಕೊಂದು ಎಂಬ ಅಂಕಿ ಹುಟ್ಟಿದ್ದು ಹೀಗೆ.

ನಿಯಂತ್ರಕನ ಮೇಜಿನ ಮೇಲೆ ಈ ಅಂಕಿ ಭಯಂಕರವಾಗಿ ಕಾಣುತ್ತದೆ. ಆಡಳಿತದಲ್ಲಿ ಮೂರು ದಶಕ ಕಳೆದ ನನಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮಂಜೂರು ಮಾಡಿದ ಕಡತದ ಮೇಲಿನ ಸಹಿ ಮುಂದೊಂದು ದಿನ ತನಿಖೆಗೆ ಗುರಿಯಾಗಬಹುದು. ಬಾಕಿ ಇಟ್ಟ ಕಡತದಿಂದ ಯಾರ ಕಾಲು ಸ್ವಾಧೀನ ತಪ್ಪಿತೆಂದು ವಿಚಾರಣೆ ನಡೆದದ್ದನ್ನು ನಾನು ಕಂಡಿಲ್ಲ. ಔಷಧದಿಂದ ಸತ್ತವರು ಅಧಿಕಾರಿಯ ಲೆಕ್ಕಕ್ಕೆ ಬರುತ್ತಾರೆ, ಔಷಧ ಸಿಗದೆ ಕುಂದಿದವರು ರೋಗದ ಲೆಕ್ಕಕ್ಕೆ ಹೋಗುತ್ತಾರೆ.

ರೋಗಿ ನಿಂತಿರುವ ನೆಲವೇ ಬೇರೆ. ಲಾಭದ ಎದುರು ಹಿಂಜರಿಯುವ ಮನುಷ್ಯ ಖಚಿತ ನಷ್ಟದ ಎದುರು ಜೂಜಿಗೆ ಇಳಿಯುತ್ತಾನೆಂದು ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲಿ ತೋರಿಸಿಕೊಟ್ಟರು. ನಮ್ಮ ಅರ್ಥಶಾಸ್ತ್ರದವರು ಸಾಮಾನ್ಯವಾಗಿ ಇದನ್ನು ವಿವೇಚನೆಯ ದೋಷವೆಂದು ಓದುತ್ತಾರೆ. ಈ ರೋಗಿಗಳ ವಿಷಯದಲ್ಲಿ ಆ ಓದು ಒಪ್ಪತಕ್ಕದ್ದಲ್ಲ. ಆರೋಗ್ಯವಂತನು ಸಾವಿರಕ್ಕೊಂದು ಅಪಾಯವನ್ನು ಇಂದಿನ ತನ್ನ ಆರೋಗ್ಯದೊಡನೆ ಹೋಲಿಸುತ್ತಾನೆ. ರೋಗಿ ಹೋಲಿಸುವುದು ಐದು ವರ್ಷಗಳ ನಂತರ ತನಗೆ ಬರಬಹುದಾದ ಸ್ಥಿತಿಯೊಡನೆ: ಮಂಜಾದ ಕಣ್ಣು, ಹಿಡಿತ ತಪ್ಪಿದ ಮೂತ್ರ, ಮಗುವನ್ನು ಎತ್ತಿಕೊಳ್ಳಲಾಗದ ತೋಳು. ಏನೂ ಮಾಡದೆ ಇರುವುದಕ್ಕೂ ಅಲ್ಲಿ ಬೆಲೆ ತೆರಬೇಕು. ಆ ಬೆಲೆ ಎಷ್ಟೆಂದು ಬಲ್ಲವನು ತೆರುವವನೇ.

ಆದರೆ ತೂಗುವುದಕ್ಕೆ ಧೈರ್ಯವೊಂದೇ ಸಾಲದು, ಸರಿಯಾದ ತೂಕದ ಬಟ್ಟುಗಳೂ ಬೇಕು. ಸಾವಿರಕ್ಕೊಂದು ಎಂಬುದು ಸರಾಸರಿ. ಔಷಧ ಮರಳಿದಾಗ ಅಮೆರಿಕದಲ್ಲಿ ಅದನ್ನು ಪಡೆಯುವ ಪ್ರತಿಯೊಬ್ಬರ ನೋಂದಣಿಯನ್ನೂ ಕಡ್ಡಾಯ ಮಾಡಲಾಯಿತು. ವರ್ಷಗಳ ನಿಗಾದಿಂದ ಕೂಡಿಬಂದ ಮಾಹಿತಿಯ ಫಲವಾಗಿ 2012ರ ವೇಳೆಗೆ ಸರಾಸರಿಯ ಒಳಗಿನ ಚಿತ್ರ ಬಿಚ್ಚಿಕೊಂಡಿತು. ರಕ್ತದಲ್ಲಿ ಜೆಸಿ ವೈರಸ್‌ನ ಪ್ರತಿಕಾಯ ಇಲ್ಲದವರಿಗೆ ಸೋಂಕಿನ ಅಪಾಯ ಹತ್ತು ಸಾವಿರಕ್ಕೆ ಒಂದರ ಆಸುಪಾಸು. ಪ್ರತಿಕಾಯವಿದ್ದು, ಹಿಂದೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಗಳನ್ನು ಸೇವಿಸಿ, ಎರಡು ವರ್ಷ ಮೀರಿ ಟೈಸಾಬ್ರಿ ಪಡೆದವರಿಗೆ ಸಾವಿರಕ್ಕೆ ಸುಮಾರು 11. ಅದೇ ಔಷಧ, ಅದೇ ಕಾಯಿಲೆ; ಅಂತರ ನೂರು ಪಟ್ಟು. ಇಂಥ ಲೆಕ್ಕವನ್ನು ಯಾವ ರೋಗಿಯೂ ಮನೆಯಲ್ಲಿ ಕುಳಿತು ಹಾಕಲಾರ. ಅದನ್ನು ಕಲೆಹಾಕಿ ಕೊಡುವುದು ನಿಯಂತ್ರಕನ ನಿಜವಾದ ಕೆಲಸ.

ರೋಗಿಗಳ ಒತ್ತಾಯ ಸದಾ ಸರಿದಾರಿ ತೋರುತ್ತದೆಂದೇನೂ ಇಲ್ಲ. ಸ್ನಾಯುಗಳನ್ನು ಒಂದೊಂದಾಗಿ ನಿಷ್ಕ್ರಿಯಗೊಳಿಸುವ ಎಎಲ್‌ಎಸ್ ಕಾಯಿಲೆಗೆಂದು ಬಂದ ರೆಲಿವ್ರಿಯೊ ಔಷಧಕ್ಕೆ ತಜ್ಞರ ಸಮಿತಿ ಮೊದಲ ಸಲ ಬಹುಮತದಿಂದ ಬೇಡವೆಂದಿತ್ತು. ರೋಗಿಗಳ ಪರವಾದ ದನಿ ಜೋರಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ನೀಡಿತು. 2024ರಲ್ಲಿ ದೊಡ್ಡ ಪ್ರಯೋಗವೊಂದರ ಫಲಿತಾಂಶ ಬಂದು ಅದು ನಿಷ್ಫಲವೆಂದು ತಿಳಿದಾಗ ಕಂಪನಿಯೇ ಹಿಂತೆಗೆದುಕೊಂಡಿತು. ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಮೀರಿದ ಬೆಲೆಯ ಔಷಧವದು. ಕಳೆದುಹೋದದ್ದು ಹಣ, ಜೊತೆಗೆ ಆ ರೋಗಿಗಳ ಬಳಿ ತೀರಾ ಕಡಿಮೆಯಿದ್ದ ಕಾಲ.

ಇನ್ನು ನಮ್ಮ ಸ್ಥಿತಿ. 2008ರ ಜನವರಿಯ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್, ಅರಿವಳಿಕೆಯಲ್ಲಿದ್ದ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಸಿಂಧುವಲ್ಲವೆಂದಿತು. ವಯಸ್ಕ ರೋಗಿಯ ಒಪ್ಪಿಗೆ ಅವರದೇ ಆಗಿರಬೇಕೆಂದಿತು. ಸ್ವಾಗತಾರ್ಹ ಮಾತು. ಆದರೆ ದೂರದ ಅಥವಾ ಸೈದ್ಧಾಂತಿಕ ಅಪಾಯಗಳನ್ನು ವೈದ್ಯರು ವಿವರಿಸಬೇಕಾಗಿಲ್ಲ, ಕೇಳಿದ ರೋಗಿ ಹೆದರಿ ಅಗತ್ಯ ಚಿಕಿತ್ಸೆಯನ್ನೇ ನಿರಾಕರಿಸಬಹುದು ಎಂದೂ ಅದೇ ತೀರ್ಪು ಹೇಳಿತು. ಸಾವಿರಕ್ಕೊಂದು ಎಂಬುದು ದೂರದ ಅಪಾಯವೇ? ಅದನ್ನು ನಿರ್ಧರಿಸುವುದು ವೈದ್ಯವೃತ್ತಿಯ ರೂಢಿಗೆ ಬಿಟ್ಟದ್ದು. ಇಂಥ ಮಾನದಂಡ ಹುಟ್ಟಿದ ಬ್ರಿಟನ್ನಿನಲ್ಲೇ ಸುಪ್ರೀಂ ಕೋರ್ಟ್ 2015ರಲ್ಲಿ ಅದನ್ನು ಕೈಬಿಟ್ಟು, ಆ ಸ್ಥಾನದಲ್ಲಿರುವ ರೋಗಿಗೆ ಯಾವುದು ಮುಖ್ಯವೋ ಅದನ್ನು ಹೇಳಬೇಕೆಂದು ವಿಧಿಸಿತು.

ನ್ಯಾಯಾಲಯವನ್ನಷ್ಟೇ ದೂಷಿಸಿ ಫಲವಿಲ್ಲ. ನಮ್ಮಲ್ಲಿ ವೈದ್ಯರು ಮಗನನ್ನೋ ಅಳಿಯನನ್ನೋ ಹೊರಗೆ ಕರೆದು ಮಾತಾಡುವುದು ರೂಢಿ. 'ಅಪ್ಪನಿಗೆ ಹೇಳಬೇಡಿ' ಎನ್ನುವುದು ಪ್ರೀತಿಯಿಂದಲೇ. ಅಲ್ಝೈಮರ್‌ನಂಥ ಕಾಯಿಲೆಯಲ್ಲಿ ಈ ಪ್ರೀತಿ ದುಬಾರಿಯಾಗುತ್ತದೆ. 2023ರ ಜುಲೈನಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಇರುವುದು ರೋಗದ ಆರಂಭದ ಹಂತದವರಿಗೆ ಮಾತ್ರ. ಅದು ಕುಸಿತದ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ, ಮಿದುಳಿನ ಊತ ಮತ್ತು ರಕ್ತಸ್ರಾವದ ಅಪಾಯವನ್ನೂ ತರುತ್ತದೆ. ಕೊಡುಕೊಳ್ಳುವಿಕೆ ಒಪ್ಪಿಗೆಯೇ ಎಂದು ಕೇಳಬೇಕಾದದ್ದು ಅಪ್ಪ ಇನ್ನೂ ಉತ್ತರಿಸಬಲ್ಲ ತಿಂಗಳುಗಳಲ್ಲೇ.

ಔಷಧ ಪ್ರಯೋಗಗಳಲ್ಲಿ ದುರ್ಬಲ ವರ್ಗದವರ ಒಪ್ಪಿಗೆಯನ್ನು ದೃಶ್ಯ-ಶ್ರವ್ಯವಾಗಿ ದಾಖಲಿಸಬೇಕೆಂದು 2019ರ ನಿಯಮಗಳಲ್ಲಿದೆ. ಸಾಮಾನ್ಯ ಚಿಕಿತ್ಸೆಗೆ ಅಷ್ಟೆಲ್ಲ ಬೇಡ. ಇಂಥ ಔಷಧ ಕೊಡುವ ಮುನ್ನ ಕನ್ನಡದಲ್ಲಿ ಒಂದು ಹಾಳೆ ಸಾಕು: ಸಾವಿರ ಮಂದಿ ಪಡೆದರೆ ಎಷ್ಟು ಮಂದಿಗೆ ಗುಣ, ಎಷ್ಟು ಮಂದಿಗೆ ಕೇಡು, ಪಡೆಯದಿದ್ದರೆ ಏನಾಗಬಹುದು. ಅದನ್ನು ಮೊದಲು ರೋಗಿಯ ಕೈಗೇ ಕೊಡಬೇಕು. ರಾಜ್ಯದ ಆರೋಗ್ಯ ಇಲಾಖೆ ತನ್ನ ಆಸ್ಪತ್ರೆಗಳಲ್ಲಿ ಇದನ್ನು ಒಂದು ಸುತ್ತೋಲೆಯಿಂದಲೇ ಆರಂಭಿಸಬಹುದು.